ವಿಟಮಿನ್ ಮಾತ್ರೆಯಿಂದ ‘ನಷ್ಟವೇನೂ ಇಲ್ಲ’ ಅನ್ನೋದು ಸರಿಯಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಮೊನ್ನೆ ಕ್ಯಾನ್ಸರ್ ತಡೆಯುವ ಆಹಾರದ ಬಗ್ಗೆ ಒಂದು ಬರಹ ಬಂದಿತ್ತು. ಸೊಪ್ಪು, ಹಣ್ಣು, ಕಾಳು ಜಾಸ್ತಿ ತಿನ್ನಿ ಅಂದದ್ದು ಸರಿಯಾಗಿಯೇ ಇತ್ತು. ಆದರೆ ಕೊನೆಯಲ್ಲಿ, ಊಟದಿಂದ ಸಾಲದಿದ್ದರೆ ಆಂಟಿಆಕ್ಸಿಡೆಂಟ್ ಮಾತ್ರೆ (ಬೀಟಾ ಕೆರೋಟಿನ್, ವಿಟಮಿನ್ ಇ, ವಿಟಮಿನ್ ಸಿ ಇಂಥವು) ತೆಗೆದುಕೊಳ್ಳಬಹುದು, ಲಾಭ ಆಗದಿದ್ದರೂ ನಷ್ಟವೇನೂ ಇಲ್ಲ ಎಂಬ ಮಾತಿತ್ತು. ಆ ಒಂದು ಮಾತಿಗಾಗಿ ಈ ಪತ್ರ. ನಷ್ಟ ಇದೆ. ಕೆಲವರಿಗೆ ದೊಡ್ಡ ನಷ್ಟವೇ ಇದೆ, ಅದು ಮೂವತ್ತು ವರ್ಷದ ಹಿಂದೆಯೇ ಗೊತ್ತಾಗಿದೆ.

ನಾನು ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಕ್ಯಾನ್ಸರ್ ಇರುವವರ ಮನೆಯವರು ದಿನಾ ಅಂಗಡಿಗೆ ಬರುತ್ತಾರೆ. ‘ಸಾರ್, ಅಮ್ಮನಿಗೆ ಕೀಮೋ ನಡೀತಿದೆ, ತುಂಬಾ ಸುಸ್ತು, ಶಕ್ತಿ ಬರೋಕೆ ಯಾವುದಾದ್ರೂ ಒಳ್ಳೇ ವಿಟಮಿನ್ ಕೊಡಿ’ ಅಂತಾರೆ. ಕೈಯಲ್ಲಿ ಮೊಬೈಲ್ ಇರುತ್ತದೆ, ಅದರಲ್ಲಿ ಯಾರೋ ಕಳಿಸಿದ ಡಬ್ಬಿಯ ಫೋಟೋ ಇರುತ್ತದೆ. ಇಂಥ ಡಬ್ಬಿ ಮಾರಿದರೆ ಅಂಗಡಿಯವರಿಗೆ ಡಾಕ್ಟರ್ ಬರೆದ ಮಾತ್ರೆಗಿಂತ ಜಾಸ್ತಿ ಉಳಿಯುತ್ತದೆ. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ: ಆ ಅಮ್ಮನ ಡಾಕ್ಟರನ್ನು ಕೇಳದೆ ಆ ಡಬ್ಬಿ ಕೊಡಬಾರದು, ತೆಗೆದುಕೊಳ್ಳಲೂಬಾರದು.

ಯಾಕೆ ಅಂತ ಹೇಳಬೇಕಾದರೆ ಫಿನ್ಲೆಂಡ್‌ನಿಂದ ಶುರು ಮಾಡಬೇಕು. ಹಣ್ಣು ತರಕಾರಿ ಜಾಸ್ತಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ, ಅವರ ರಕ್ತದಲ್ಲಿ ಬೀಟಾ ಕೆರೋಟಿನ್ ಜಾಸ್ತಿ ಎಂಬುದು 1980ರ ಹೊತ್ತಿಗೇ ತಿಳಿದಿತ್ತು. ಕ್ಯಾರೆಟ್‌ಗೆ, ಪಪ್ಪಾಯಿಗೆ ಬಣ್ಣ ಕೊಡುವ ವಸ್ತು ಅದು. ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಟ್ಟರೆ ಹೇಗೆ ಎಂದು ಯೋಚಿಸಿದರು. ಫಿನ್ಲೆಂಡ್‌ನಲ್ಲಿ 50ರಿಂದ 69 ವಯಸ್ಸಿನ, ಸಿಗರೇಟು ಸೇದುವ 29,133 ಗಂಡಸರನ್ನು ಸೇರಿಸಿಕೊಂಡು, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ ಕೊಟ್ಟು ಐದರಿಂದ ಎಂಟು ವರ್ಷ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕೆರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ ಆಗಿತ್ತು. ಕಡಿಮೆ ಅಲ್ಲ, ಜಾಸ್ತಿ.

ಮೊದಲು ಯಾರೂ ನಂಬಲಿಲ್ಲ, ಎಲ್ಲೋ ಆಕಸ್ಮಿಕ ಇರಬೇಕು ಅಂದುಕೊಂಡರು. ಆದರೆ ಅದೇ ಹೊತ್ತಿಗೆ ಅಮೆರಿಕದಲ್ಲಿ 18,314 ಜನರ ಮೇಲೆ ಅಂಥದ್ದೇ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಸಿಗರೇಟು ಸೇದುವವರು, ಸೇದಿ ಬಿಟ್ಟವರು, ಕಲ್ನಾರಿನ (ಆಸ್ಬೆಸ್ಟಾಸ್) ಕೆಲಸ ಮಾಡಿದವರು ಅದರಲ್ಲಿದ್ದರು. ಅವರಿಗೆ ಬೀಟಾ ಕೆರೋಟಿನ್ ಜೊತೆಗೆ ವಿಟಮಿನ್ ಎ ಕೂಡ ಕೊಡುತ್ತಿದ್ದರು. 1996ರ ಜನವರಿಯಲ್ಲಿ ಅದನ್ನು ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 28 ಜಾಸ್ತಿ, ಸಾವು ಶೇ 17 ಜಾಸ್ತಿ. ಒಳ್ಳೆಯದಾಗಲಿ ಅಂತ ಕೊಟ್ಟ ಮಾತ್ರೆ ಇದು. ನಮ್ಮೂರಲ್ಲಿ ಬೀಡಿ ಸೇದುವ ಹಿರಿಯರು ಎಷ್ಟು ಜನ ಇದ್ದಾರೆ, ಅವರಿಗೆ ಮಕ್ಕಳು ಪ್ರೀತಿಯಿಂದ ಮಲ್ಟಿವಿಟಮಿನ್ ತಂದುಕೊಡುತ್ತಾರೆ, ಡಬ್ಬಿಯ ಹಿಂದೆ ಬೀಟಾ ಕೆರೋಟಿನ್ ಎಷ್ಟಿದೆ ಅಂತ ಯಾರು ಓದುತ್ತಾರೆ ಹೇಳಿ?

ವಿಟಮಿನ್ ಇ ಕಥೆಯೂ ಹಾಗೇ. 2001ರಲ್ಲಿ ಅಮೆರಿಕ, ಕೆನಡಾ ಕಡೆ 35,000ಕ್ಕೂ ಹೆಚ್ಚು ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲು ವಿಟಮಿನ್ ಇ ಮತ್ತು ಸೆಲೆನಿಯಂ ಎಂಬ ಖನಿಜ ಕೊಡಲು ಶುರು ಮಾಡಿದರು. ಏನೂ ಉಪಯೋಗ ಕಾಣದೆ 2008ರಲ್ಲಿ ನಿಲ್ಲಿಸಿದರು. ನಿಲ್ಲಿಸಿದ ಮೇಲೂ ಆ ಜನರನ್ನು ಗಮನಿಸುತ್ತಾ ಹೋದಾಗ, 2011ರಲ್ಲಿ ಗೊತ್ತಾಗಿದ್ದು ಇಷ್ಟು: ಬರೀ ವಿಟಮಿನ್ ಇ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17 ಜಾಸ್ತಿ. ಅವರಿಗೆ ದಿನಕ್ಕೆ ಕೊಟ್ಟದ್ದು 400 ಯೂನಿಟ್. ನಮ್ಮಲ್ಲಿ ಕೂದಲಿಗೆ, ಚರ್ಮಕ್ಕೆ ಒಳ್ಳೆಯದು ಅಂತ ಚೀಟಿ ಇಲ್ಲದೆ ಕೇಳಿ ತೆಗೆದುಕೊಂಡು ಹೋಗುವ ಹಸಿರು ಕ್ಯಾಪ್ಸೂಲ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಹೀಗೆ ಯಾಕಾಗುತ್ತದೆ? ನಮ್ಮ ಜೀವಕೋಶ ಉಸಿರಾಡುವಾಗ, ಕೆಲಸ ಮಾಡುವಾಗ ಫ್ರೀ ರಾಡಿಕಲ್ ಎನ್ನುವ ಕಣಗಳು ಹುಟ್ಟುತ್ತವೆ. ಅವು ಡಿಎನ್ಎಗೆ ಏಟು ಕೊಡುತ್ತವೆ, ಆ ಏಟಿನಿಂದ ಕ್ಯಾನ್ಸರ್ ಶುರುವಾಗಬಹುದು. ಆಂಟಿಆಕ್ಸಿಡೆಂಟ್ ಅವನ್ನು ತಡೆಯುತ್ತದೆ. ಇಲ್ಲಿಯವರೆಗೆ ಜಾಹೀರಾತು ಹೇಳುವುದು ನಿಜವೇ. ಹೇಳದೆ ಬಿಡುವುದು ಮುಂದಿನದನ್ನು. ಕ್ಯಾನ್ಸರ್ ಆದ ಕೋಶ ಬೇರೆ ಕೋಶಗಳಿಗಿಂತ ವೇಗವಾಗಿ ಬೆಳೆಯುತ್ತದೆ, ಹಾಗಾಗಿ ಅದರೊಳಗೆ ಈ ಕಣಗಳು ತುಂಬಾ ಜಾಸ್ತಿ. ಏಟು ಬಿದ್ದೂ ಬಿದ್ದೂ ಕೊನೆಗೆ ಪಿ53 ಎಂಬ ಪ್ರೋಟೀನ್ ಎಚ್ಚೆತ್ತು ಆ ಕೋಶದ ಬೆಳವಣಿಗೆ ನಿಲ್ಲಿಸುತ್ತದೆ, ಇಲ್ಲವೇ ಸಾಯಿಸುತ್ತದೆ. ಹೊರಗಿನಿಂದ ನಾವು ರಾಶಿ ಆಂಟಿಆಕ್ಸಿಡೆಂಟ್ ಸುರಿದರೆ ಆ ಏಟು ಕಡಿಮೆಯಾಗುತ್ತದೆ, ಪಿ53 ಸುಮ್ಮನಾಗುತ್ತದೆ, ಕ್ಯಾನ್ಸರ್ ಕೋಶ ಆರಾಮಾಗಿ ಬೆಳೆಯುತ್ತದೆ. ಗೊಬ್ಬರ ಹಾಕಿದರೆ ಬೆಳೆಗೆ ಮಾತ್ರ ಸಿಗುವುದಿಲ್ಲ, ಕಳೆಗೂ ಸಿಗುತ್ತದೆ ಅಲ್ವಾ, ಹಾಗೆ. ಇದು ಬರೀ ಊಹೆ ಅಲ್ಲ. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಮಾರ್ಟಿನ್ ಬರ್ಗೋ ಅವರ ತಂಡ ಶ್ವಾಸಕೋಶದಲ್ಲಿ ಸಣ್ಣ ಗಡ್ಡೆಗಳಿದ್ದ ಇಲಿಗಳಿಗೆ ವಿಟಮಿನ್ ಇ ಕೊಟ್ಟು ನೋಡಿತು, ಕಫ ಕರಗಿಸಲು ಬಳಸುವ ಎನ್-ಅಸಿಟೈಲ್ ಸಿಸ್ಟೀನ್ ಕೂಡ ಕೊಟ್ಟು ನೋಡಿತು. ಗಡ್ಡೆಗಳು ಬೇಗ ಬೆಳೆದವು, ಇಲಿಗಳು ಬೇಗ ಸತ್ತವು. 2014ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಅದೇ ತಂಡ ಚರ್ಮದ ಮೆಲನೋಮ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಕಾಯಿಲೆ ಬೇರೆ ಕಡೆ ಹರಡುವುದೂ ಹೆಚ್ಚಾಗುತ್ತದೆ ಎಂದು ತೋರಿಸಿತು. ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲೂ ಆಗಲೇಬೇಕು ಅಂತ ಇಲ್ಲ. ಆದರೆ ಮನುಷ್ಯರ ದೊಡ್ಡ ಪರೀಕ್ಷೆಗಳೂ ಅದೇ ದಿಕ್ಕಿಗೆ ಬೆರಳು ತೋರಿಸುವಾಗ ಕಣ್ಣು ಮುಚ್ಚಿಕೊಳ್ಳುವುದು ಸರಿಯಲ್ಲ.

ಕೀಮೋ, ರೇಡಿಯೇಶನ್ ನಡೆಯುವಾಗ ಇದು ಇನ್ನೂ ಮುಖ್ಯ. ರೇಡಿಯೇಶನ್ ಕೆಲಸ ಮಾಡುವುದು ಬಹುಪಾಲು ಈ ಕಣಗಳ ಮೂಲಕವೇ. ಕೆಲವು ಕೀಮೋ ಔಷಧಿಗಳೂ ಹಾಗೆ. ಒಂದು ಕಡೆ ಆಸ್ಪತ್ರೆಯಲ್ಲಿ ಲಕ್ಷಗಟ್ಟಲೆ ಕೊಟ್ಟು ಕ್ಯಾನ್ಸರ್ ಕೋಶಕ್ಕೆ ಏಟು ಕೊಡಿಸಿ, ಇನ್ನೊಂದು ಕಡೆ ಮನೆಯಲ್ಲಿ ಅದೇ ಕೋಶಕ್ಕೆ ರಕ್ಷಣೆ ಕೊಡುವ ಮಾತ್ರೆ ನುಂಗಿಸಿದರೆ ಏನಾಗಬಹುದು, ಯೋಚನೆ ಮಾಡಿ. ಸ್ತನ ಕ್ಯಾನ್ಸರ್‌ಗೆ ಕೀಮೋ ಪಡೆದ ಸಾವಿರಕ್ಕೂ ಹೆಚ್ಚು ಅಮೆರಿಕದ ಹೆಂಗಸರನ್ನು ಗಮನಿಸಿದ ಒಂದು ಅಧ್ಯಯನ 2019ರ ಕೊನೆಯಲ್ಲಿ ಬಂತು. ಕೀಮೋಗೆ ಮುಂಚೆಯೂ ಕೀಮೋ ನಡೆಯುವಾಗಲೂ ಆಂಟಿಆಕ್ಸಿಡೆಂಟ್ ತೆಗೆದುಕೊಂಡವರಲ್ಲಿ ಕಾಯಿಲೆ ಮರಳುವುದು ಜಾಸ್ತಿ ಇರುವಂತೆ ಅದರಲ್ಲಿ ಕಂಡಿತು. ಇದು ಗಮನಿಸಿ ಬರೆದದ್ದು, ಪಕ್ಕಾ ಸಾಬೀತು ಅಲ್ಲ. ಆದರೂ ಡಾಕ್ಟರ್ ಕಿವಿಗೆ ಹಾಕದೆ ಮಾತ್ರೆ ನುಂಗಬಾರದು ಅನ್ನೋದಕ್ಕೆ ಅಷ್ಟು ಸಾಕು.

ಇನ್ನು ಫೋಲಿಕ್ ಆಸಿಡ್. ಇದರ ಕಥೆ ನಮ್ಮ ದೇಶಕ್ಕೆ ತುಂಬಾ ಹತ್ತಿರದ್ದು, ಎಲ್ಲರಿಗೂ ಗೊತ್ತಿರಬೇಕಾದದ್ದು. 1930ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಬೊಂಬಾಯಿಗೆ ಬಂದು, ಬಟ್ಟೆ ಗಿರಣಿಯಲ್ಲಿ ದುಡಿಯುವ ಬಸುರಿ ಹೆಂಗಸರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆ ಯೀಸ್ಟ್‌ನ ಸಾರ ತಿನ್ನಿಸಿದರೆ ವಾಸಿಯಾಗುತ್ತದೆ ಎಂದು ಕಂಡುಹಿಡಿದರು. ಅದರಲ್ಲಿದ್ದ ವಸ್ತುವೇ ಫೋಲಿಕ್ ಆಸಿಡ್. ರಕ್ತಹೀನತೆಗೆ ಒಳ್ಳೆಯದಾದರೆ ರಕ್ತದ ಕ್ಯಾನ್ಸರ್‌ಗೂ ಒಳ್ಳೆಯದಿರಬೇಕು ಅಂತ 1940ರ ದಶಕದಲ್ಲಿ ಬಾಸ್ಟನ್‌ನ ಡಾ. ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಇದ್ದ ಮಕ್ಕಳಿಗೆ ಫೋಲಿಕ್ ಆಸಿಡ್‌ಗೆ ಸೇರಿದ ವಸ್ತುಗಳನ್ನು ಕೊಟ್ಟರು. ಕಾಯಿಲೆ ಜೋರಾಯಿತು. ಯಾಕೆಂದರೆ ಹೊಸ ಡಿಎನ್ಎ ಕಟ್ಟಲು ಫೋಲಿಕ್ ಆಸಿಡ್ ಬೇಕೇ ಬೇಕು, ಅತಿ ವೇಗದಲ್ಲಿ ಒಡೆದು ಎರಡಾಗುವ ಕ್ಯಾನ್ಸರ್ ಕೋಶಕ್ಕೆ ಅದು ಎಲ್ಲರಿಗಿಂತ ಜಾಸ್ತಿ ಬೇಕು.

ಫಾರ್ಬರ್ ಅಲ್ಲಿಗೆ ಬಿಡಲಿಲ್ಲ. ಕೊಟ್ಟರೆ ಬೆಳೆಯುತ್ತದೆ ಅಂದರೆ ತಡೆದರೆ ಸಾಯಬೇಕಲ್ಲ ಎಂದು ಯೋಚಿಸಿದರು. ಫೋಲಿಕ್ ಆಸಿಡ್‌ನಂತೆಯೇ ಕಾಣುವ, ಆದರೆ ಅದರ ಕೆಲಸವನ್ನು ಅಡ್ಡಗಟ್ಟುವ ಅಮಿನೊಪ್ಟೆರಿನ್ ಎಂಬ ವಸ್ತು ಅವರ ಕೈಗೆ ಬಂತು. ಅದನ್ನು ತಯಾರಿಸಿದ್ದು ನ್ಯೂಯಾರ್ಕ್ ಬಳಿಯ ಲೆಡರ್ಲೆ ಪ್ರಯೋಗಾಲಯದ ತಂಡ. ಆ ತಂಡ ನಡೆಸುತ್ತಿದ್ದವರು ಯಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮಾವರದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದವರು. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತ್ತು. ಆ ಗುಣ ಕೆಲವೇ ತಿಂಗಳು ನಿಂತಿತು, ನಿಜ. ಆದರೆ ಅದಕ್ಕೂ ಮೊದಲು ಅಂಥ ಮಕ್ಕಳಿಗೆ ಕೆಲಸ ಮಾಡುವ ಔಷಧಿ ಯಾವುದೂ ಇರಲಿಲ್ಲ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅಮಿನೊಪ್ಟೆರಿನ್‌ನ ತಮ್ಮನಂಥ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಇವತ್ತಿಗೂ ನನ್ನ ಅಂಗಡಿಯ ಕಪಾಟಿನಲ್ಲಿದೆ. ನಮ್ಮ ಶಾಲೆ ಪುಸ್ತಕಗಳಲ್ಲಿ ಸುಬ್ಬರಾವ್ ಅವರ ಬಗ್ಗೆ ಒಂದು ಪಾಠ ಇರಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಈ ಕಥೆ ಓದಿ ಯಾರೂ ಫೋಲಿಕ್ ಆಸಿಡ್ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಬೇಡಿ, ದಯವಿಟ್ಟು. ಬಸುರಿಯರು ಅದನ್ನು ತಿನ್ನಲೇಬೇಕು, ಮಗುವಿನ ಬೆನ್ನುಹುರಿಗೆ ಅದು ಬೇಕು. ಕೀಲುವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತಿನ್ನುವವರಿಗೆ ಡಾಕ್ಟರೇ ಅದನ್ನು ಬರೆದಿರುತ್ತಾರೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಪೆಮೆಟ್ರೆಕ್ಸೆಡ್ ಎಂಬ ಇಂಜೆಕ್ಷನ್ ಕೊಡುವಾಗ ಫೋಲಿಕ್ ಆಸಿಡ್ ಮತ್ತು ಬಿ12 ಕೊಡದಿದ್ದರೆ ರೋಗಿಗೆ ಅಪಾಯ. ಅದೇ ಕ್ಯಾಪೆಸಿಟಾಬಿನ್ ಎಂಬ ಕೀಮೋ ಮಾತ್ರೆ ಮನೆಯಲ್ಲೇ ನುಂಗುವವರು ತಾವಾಗಿ ಫೋಲಿಕ್ ಆಸಿಡ್ ಸೇರಿಸಿಕೊಂಡರೆ ಭೇದಿ, ಬಾಯಿಹುಣ್ಣು, ಅಂಗೈ ಅಂಗಾಲು ಉರಿ ಎಲ್ಲವೂ ಜಾಸ್ತಿಯಾಗುತ್ತದೆ. ನೋಡಿ, ಒಂದೇ ವಿಟಮಿನ್, ಒಬ್ಬರಿಗೆ ಬೇಕೇ ಬೇಕು, ಇನ್ನೊಬ್ಬರಿಗೆ ಬೇಡವೇ ಬೇಡ. ಇದನ್ನು ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡುವವರು ತೀರ್ಮಾನಿಸಲು ಆಗುತ್ತದೆಯೇ?

ವಿಟಮಿನ್ ಮಾತ್ರೆ ಯಾವತ್ತೂ ಕ್ಯಾನ್ಸರ್‌ಗೆ ಪ್ರಯೋಜನವಿಲ್ಲ ಅಂತಲೂ ನಾನು ಹೇಳುತ್ತಿಲ್ಲ. ಚೀನಾದ ಲಿನ್‌ಶಿಯಾನ್ ಎಂಬ ಕಡೆ ಅನ್ನನಾಳ ಮತ್ತು ಹೊಟ್ಟೆಯ ಕ್ಯಾನ್ಸರ್ ವಿಪರೀತ ಇತ್ತು. ಅಲ್ಲಿಯ ಜನಕ್ಕೆ ಪೌಷ್ಟಿಕಾಂಶದ ಕೊರತೆ ಇತ್ತು. ಸುಮಾರು 30,000 ಜನರಿಗೆ ವಿಟಮಿನ್, ಖನಿಜಗಳನ್ನು ಬೇರೆ ಬೇರೆ ಜೋಡಿ ಮಾಡಿ ಐದು ವರ್ಷ ಕೊಟ್ಟಾಗ, ಬೀಟಾ ಕೆರೋಟಿನ್, ವಿಟಮಿನ್ ಇ, ಸೆಲೆನಿಯಂ ಮೂರೂ ಪಡೆದವರಲ್ಲಿ ಹೊಟ್ಟೆ ಕ್ಯಾನ್ಸರ್‌ನಿಂದ ಸಾವು ಶೇ 21 ಕಡಿಮೆಯಾಗಿತ್ತು. 1993ರಲ್ಲಿ ಬಂದ ಫಲಿತಾಂಶ ಇದು. ಅಂದರೆ ಕೊರತೆ ಇದ್ದವರಿಗೆ ತುಂಬಿಸಿದರೆ ಒಳ್ಳೆಯದಾಯಿತು. ಕೊರತೆ ಇಲ್ಲದವರಿಗೆ ಸುರಿದಾಗ ಕೆಟ್ಟದ್ದಾಯಿತು, ಇಲ್ಲವೇ ಏನೂ ಆಗಲಿಲ್ಲ. ವಿಟಮಿನ್ ಡಿ ಬಗ್ಗೆ ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಹಾಗೇ ಆಯಿತು, ಕ್ಯಾನ್ಸರ್ ಬರುವುದೇನೂ ಕಡಿಮೆಯಾಗಲಿಲ್ಲ. ವಿಟಮಿನ್ ಸಿ ಅಂತೂ ಎರಡು ನೊಬೆಲ್ ಪಡೆದ ವಿಜ್ಞಾನಿ ಲೈನಸ್ ಪೌಲಿಂಗ್ ಅವರೇ ಹೇಳಿದ್ದು, ದಿನಕ್ಕೆ 10 ಗ್ರಾಂ ಕೊಟ್ಟರೆ ರೋಗಿಗಳು ಹೆಚ್ಚು ದಿನ ಬದುಕುತ್ತಾರೆ ಅಂತ. ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯವರು 1979ರಲ್ಲಿ, ಮತ್ತೆ 1985ರಲ್ಲಿ ಸರಿಯಾಗಿ ಪರೀಕ್ಷೆ ಮಾಡಿದಾಗ ಬಾಯಿಂದ ತಿಂದ ವಿಟಮಿನ್ ಸಿ ಏನೂ ಮಾಡಲಿಲ್ಲ. ಎಷ್ಟೇ ದೊಡ್ಡವರು ಹೇಳಿದರೂ ಪರೀಕ್ಷೆ ಮಾಡಿಯೇ ನೋಡಬೇಕು.

ಈಗ ಮಾತ್ರೆ ಬಿಟ್ಟು ಊಟಕ್ಕೆ ಬರುತ್ತೇನೆ. ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಪಥ್ಯ ಶುರುವಾಗುತ್ತದೆ. ಮೊಟ್ಟೆ ನಂಜು, ಮೀನು ನಂಜು, ಬದನೆಕಾಯಿ ನಂಜು, ಹಾಲು ಬೇಡ, ಬೇಳೆ ಬೇಡ. ಈಗ ಅದಕ್ಕೆ ಹೊಸದೊಂದು ಸೇರಿದೆ, ಸಕ್ಕರೆ ಮತ್ತು ಅನ್ನ ನಿಲ್ಲಿಸಿದರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ ಅನ್ನೋದು. ಇದರಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸ್ ಜಾಸ್ತಿ ನುಂಗುತ್ತವೆ ಅಂತ ಜರ್ಮನಿಯ ಓಟೊ ವಾರ್ಬರ್ಗ್ 1920ರ ದಶಕದಲ್ಲೇ ಹೇಳಿದ್ದರು. ಪೆಟ್ ಸ್ಕ್ಯಾನ್ ಮಾಡುವಾಗ ಗ್ಲೂಕೋಸ್‌ನಂಥ ವಸ್ತುವಿಗೆ ವಿಕಿರಣದ ಗುರುತು ಹಾಕಿ ಕೊಡುವುದೂ ಅದಕ್ಕೇ, ಗಡ್ಡೆ ಅದನ್ನು ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಆದರೆ ನೀವು ಅನ್ನ ನಿಲ್ಲಿಸಿದರೂ ರಕ್ತದಲ್ಲಿ ಗ್ಲೂಕೋಸ್ ನಿಲ್ಲುವುದಿಲ್ಲ. ಮಿದುಳಿಗೆ ಬೇಕಲ್ಲ, ಹಾಗಾಗಿ ಲಿವರ್ ಮೈಯ ಮಾಂಸ ಕರಗಿಸಿಯಾದರೂ ಅದನ್ನು ತಯಾರಿಸುತ್ತದೆ. ಅದು ಸಾಲದೆ ಕ್ಯಾನ್ಸರ್ ಕೋಶಕ್ಕೆ ಪ್ರೋಟೀನ್, ಕೊಬ್ಬಿನಿಂದಲೂ ಬದುಕಲು ಬರುತ್ತದೆ. ಉಪವಾಸ ಬೀಳುವುದು ಗಡ್ಡೆ ಅಲ್ಲ, ರೋಗಿ.

ತೂಕ ಇಳಿದ ರೋಗಿಗೆ ಕೀಮೋ ತಡೆದುಕೊಳ್ಳಲು ಆಗುವುದಿಲ್ಲ. ಡೋಸ್ ಕಡಿಮೆ ಮಾಡಬೇಕಾಗುತ್ತದೆ, ಇಲ್ಲವೇ ಮುಂದಕ್ಕೆ ಹಾಕಬೇಕಾಗುತ್ತದೆ, ಗಡ್ಡೆಗೆ ಅಷ್ಟು ಸಮಯ ಸಿಗುತ್ತದೆ. ಕ್ಯಾನ್ಸರ್ ರೋಗಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಕನಿಷ್ಠ 1 ಗ್ರಾಂ, ಸಾಧ್ಯವಾದರೆ 1.5 ಗ್ರಾಂ ತನಕ ಪ್ರೋಟೀನ್ ಬೇಕು ಎನ್ನುತ್ತಾರೆ ತಜ್ಞರು. 50 ಕಿಲೋ ಇರುವ ಅಮ್ಮನಿಗೆ 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಬರೀ ಗಂಜಿ ಮತ್ತು ಜ್ಯೂಸ್ ಕುಡಿಸಿದರೆ ಅದರ ಅರ್ಧವೂ ಆಗುವುದಿಲ್ಲ. ಹೆಸರುಬೇಳೆ ತೊವ್ವೆ, ಮೊಳಕೆ ಕಾಳು ಚೆನ್ನಾಗಿ ಬೇಯಿಸಿದ್ದು, ಮೊಸರು, ಬೆಂದ ಮೊಟ್ಟೆ, ತಿನ್ನುವವರಾದರೆ ಮೀನು, ರಾಗಿ ಅಂಬಲಿಗೆ ಹಾಲು ಅಥವಾ ಕಡಲೆಕಾಯಿ ಪುಡಿ, ಇಷ್ಟನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ಕೊಡಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಡಾಕ್ಟರ್ ಕೇಳಿಯೇ ಕೊಡಬೇಕು. ಸಾವಿರಾರು ರೂಪಾಯಿ ಡಬ್ಬಿಗೆ ಹಾಕುವ ಮನೆಯವರೇ ಮೊಟ್ಟೆ ಬೇಡ ಅನ್ನುವುದನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ.

ಲಕ್ಷ್ಮಣಫಲದ ಬಗ್ಗೆಯೂ ಎರಡು ಮಾತು. ನಮ್ಮ ಕಡೆ ಒಂದೊಂದು ಹಣ್ಣಿಗೆ ಸಿಕ್ಕಾಪಟ್ಟೆ ರೇಟು ಕೊಟ್ಟು ಹುಡುಕಿ ತರುತ್ತಾರೆ, ಕೀಮೋಗಿಂತ 10,000 ಪಟ್ಟು ಶಕ್ತಿ ಅಂತೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶದ ಮೇಲೆ ಅದರ ಸಾರ ಹಾಕಿದರೆ ಕೋಶ ಸಾಯುತ್ತದೆ, ಅದು ನಿಜ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸುವ ವಸ್ತು ನೂರಾರು ಇವೆ, ರೋಗಿಯ ಮೈಯಲ್ಲಿ ಅದು ಕೆಲಸ ಮಾಡಿದ್ದಕ್ಕೆ ಪುರಾವೆ ಇಲ್ಲ. ಮೇಲಾಗಿ ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ಜಾಸ್ತಿ ಬಳಸುವವರಲ್ಲಿ ಪಾರ್ಕಿನ್ಸನ್ಸ್ ತರಹದ ನರದ ಕಾಯಿಲೆ ಹೆಚ್ಚು ಕಂಡಿದೆ ಎಂದು 1999ರಲ್ಲೇ ವೈದ್ಯರು ಬರೆದಿದ್ದಾರೆ. ಅಪರೂಪಕ್ಕೆ ಒಂದು ಹಣ್ಣು ತಿಂದರೆ ಏನೂ ಇಲ್ಲ. ದಿನಾ ಎಲೆ ಕುದಿಸಿ ಕುಡಿಯುವುದು ಬೇಡ.

ಹಾಗಾದರೆ ಆಹಾರಕ್ಕೂ ಕ್ಯಾನ್ಸರ್‌ಗೂ ಸಂಬಂಧವೇ ಇಲ್ಲವಾ? ಇದೆ, ಖಂಡಿತ ಇದೆ. ಬೊಜ್ಜು ಜಾಸ್ತಿಯಾದರೆ ಇನ್ಸುಲಿನ್ ಜಾಸ್ತಿ, ಮುಟ್ಟು ನಿಂತ ಹೆಂಗಸರಲ್ಲಿ ಕೊಬ್ಬಿನಿಂದಲೇ ಈಸ್ಟ್ರೋಜೆನ್ ತಯಾರಾಗುತ್ತದೆ, ಇವೆಲ್ಲ ಕೋಶಗಳಿಗೆ ಬೆಳೆ ಬೆಳೆ ಅಂತ ಹೇಳುವ ಹಾರ್ಮೋನುಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ 13 ಬಗೆಯ ಕ್ಯಾನ್ಸರ್‌ಗೆ ಬೊಜ್ಜಿನ ನಂಟು ಇದೆ ಎಂದಿತು. ಮದ್ಯ, ಬೂಸ್ಟು ಹಿಡಿದ ಕಡಲೆಕಾಯಿಯ ಅಫ್ಲಟಾಕ್ಸಿನ್ ಎಂಬ ವಿಷ, ಸಂಸ್ಕರಿಸಿ ಪ್ಯಾಕ್ ಮಾಡಿದ ಮಾಂಸ, ಇವೆಲ್ಲ ಕ್ಯಾನ್ಸರ್ ತರುವುದು ಖಚಿತ ಎನ್ನುವ ಅದರ ಮೊದಲ ಪಟ್ಟಿಯಲ್ಲಿವೆ. ಅಡಿಕೆಯೂ ಇದೆ, ತಂಬಾಕು ಸೇರಿಸದಿದ್ದರೂ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅನ್ನ ಅಡಿಕೆಯಿಂದಲೇ ಬರುತ್ತದೆ, ಇದನ್ನು ಬರೆಯುವುದು ನನಗೆ ಸುಲಭ ಅಲ್ಲ. ಆದರೆ ಅಡಿಕೆ, ಗುಟ್ಕಾ ಅಗಿದು ಬಾಯಿ ತೆರೆಯಲಾಗದೆ ಸ್ಟ್ರಾ ಹಾಕಿ ಗಂಜಿ ಕುಡಿಯುವ ಹುಡುಗರು ಅಂಗಡಿಗೆ ಬರುತ್ತಾರೆ, ಅವರನ್ನು ನೋಡಿಯೂ ಬರೆಯದೆ ಇರಲಾರೆ. ಗುಟ್ಕಾ ಅಗಿಯುತ್ತಾ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಏನೂ ಪ್ರಯೋಜನವಿಲ್ಲ.

ನಾರಿನಂಶದ ಬಗ್ಗೆ ಮಾತ್ರ ಮನಸ್ಸಿಗೆ ಖುಷಿ ಕೊಡುವ ವಿಷಯ ಇದೆ. ರಾಗಿ, ಕಾಳು, ಸೊಪ್ಪಿನ ನಾರು ದೊಡ್ಡಕರುಳಿಗೆ ಹೋದಾಗ ಅಲ್ಲಿಯ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಬ್ಯುಟಿರೇಟ್ ಎಂಬ ವಸ್ತು ಮಾಡುತ್ತವೆ. ಕರುಳಿನ ಒಳ್ಳೆಯ ಕೋಶಗಳಿಗೆ ಅದೇ ಊಟ. ಕ್ಯಾನ್ಸರ್ ಆದ ಕೋಶಕ್ಕೆ ಅದನ್ನು ಸರಿಯಾಗಿ ಉರಿಸಲು ಬರುವುದಿಲ್ಲ, ಅದು ಒಳಗೆ ಉಳಿದು ಬೆಳವಣಿಗೆಗೆ ತಡೆ ಹಾಕುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಇದಕ್ಕೆ ಯಾವ ಡಬ್ಬಿಯೂ ಬೇಡ, ಮುದ್ದೆ ಮತ್ತು ಬಸ್ಸಾರು ಸಾಕು.

ಕೊನೆಗೆ ನಿಮ್ಮಲ್ಲಿ ಒಂದೆರಡು ಬೇಡಿಕೆ. ಕ್ಯಾನ್ಸರ್ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ. ಸಪ್ಲಿಮೆಂಟ್ ಡಬ್ಬಿಗಳು ನಮ್ಮಲ್ಲಿ ಔಷಧಿ ಅಲ್ಲ, ಆಹಾರದ ಕಾನೂನಿನ ಕೆಳಗೆ ಬರುತ್ತವೆ, ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಅಂತ ಅವುಗಳ ಮೇಲೆ ಬರೆದಿರಲೇಬೇಕು. ನಿಮ್ಮ ಪುಟದಲ್ಲಿ ಇಂಥ ಜಾಹೀರಾತು ಬಂದಾಗ ಇವೆರಡನ್ನೂ ನೋಡಿ ಹಾಕಿ. ಆ ‘ನಷ್ಟವೇನೂ ಇಲ್ಲ’ ಅನ್ನುವ ಸಾಲಿಗೆ, ಬರಹ ಬಂದ ಅದೇ ಜಾಗದಲ್ಲಿ, ತಿದ್ದುಪಡಿ ಹಾಕಿ. ಸಾಧ್ಯವಾದರೆ ಕ್ಯಾನ್ಸರ್ ಆಸ್ಪತ್ರೆಯ ಡಯಟೀಶಿಯನ್ ಒಬ್ಬರಿಂದ, ಕೀಮೋ ನಡೆಯುವಾಗ ಬೆಳಿಗ್ಗೆಯಿಂದ ರಾತ್ರಿ ತನಕ ಏನು ತಿನ್ನಿಸಬೇಕು, ವಾಂತಿ ಬಂದಾಗ ಏನು, ಬಾಯಿಹುಣ್ಣು ಇದ್ದಾಗ ಏನು ಅಂತ ಒಂದು ಪೂರ್ತಿ ಪುಟ ಬರೆಸಿ. ಅದನ್ನು ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ, ಕೇಳಿದವರಿಗೆಲ್ಲ ಜೆರಾಕ್ಸ್ ಮಾಡಿ ಕೊಡುತ್ತೇನೆ.

ಇಂತಿ,
ಔಷಧಿ ಅಂಗಡಿಯವರು, ಶಿವಮೊಗ್ಗ